ಹಲ್ಲು ಬಿಟ್ಟ ಗೋಡೆ

ಆಳಂದದಲ್ಲಿ ಮುಗಿದ ಮನೆ ಅಂತ ಹುಡುಕಿದರೂ ಸಿಗುವುದಿಲ್ಲ. ಬಸ್‌ಸ್ಟ್ಯಾಂಡಿನಿಂದ ಲಾಡ್ಲೆ ಮಶಾಕರ ದರ್ಗಾದ ಕಡೆ ಹೋಗುತ್ತ ಒಮ್ಮೆ ತಲೆಯೆತ್ತಿ ನೋಡಿ. ಸ್ಲ್ಯಾಬ್ ಹಾಕಿದ ಮನೆಗಳ ಮೇಲೆಲ್ಲ ಮೂಲೆಮೂಲೆಗೆ ನಾಲ್ಕು ನಾಲ್ಕು ಕಬ್ಬಿಣದ ಸರಳು ಎದ್ದು ನಿಂತಿರುತ್ತವೆ. ಮಗನಿಗೆ ನೌಕರಿ ಹತ್ತಿದ ಮೇಲೆ, ತೊಗರಿಗೆ ರೇಟು ಬಂದ ಮೇಲೆ ಇನ್ನೊಂದು ಮಜಲು ಏರಿಸುವುದಕ್ಕೆ ಅಂತ ಬಿಟ್ಟದ್ದು. ಮಗನಿಗೆ ನೌಕರಿ ಬೆಂಗಳೂರಿನಲ್ಲಿ ಹತ್ತುತ್ತದೆ. ತೊಗರಿಗೆ ರೇಟು ನಾವು ಮಾರಿದ ಮರುವಾರ ಬರುತ್ತದೆ. ಸರಳು ತುಕ್ಕು ಹಿಡಿಯುತ್ತ, ಅರಿವೆ ಒಣಹಾಕುವ ಹಗ್ಗಕ್ಕೂ ಡಿಶ್ ತಂತಿಗೂ ಆಸರೆಯಾಗಿ ನಿಂತೇ ಇರುತ್ತವೆ. ಇದು ಸಿಮೆಂಟ್ ಬಂದ ಮೇಲೆ ಹುಟ್ಟಿದ ಚಾಳಿ ಅನ್ನುವವರು ವಿಜಯಪುರದ ಬಾರಾ ಕಮಾನ್ ನೋಡಿ ಬರಬೇಕು. ಅಪ್ಪನ ಗೋಳಗುಮ್ಮಟವನ್ನು ಮೀರಿಸುವ ಗೋರಿ ಕಟ್ಟಿಸಬೇಕೆಂದು ಎರಡನೇ ಅಲಿ ಆದಿಲ್ ಶಾಹ ಹೊರಟನಂತೆ. 1672ರಲ್ಲಿ ಅವನೇ ತೀರಿಕೊಂಡ. ಕಮಾನುಗಳು ಮೇಲೆ ಏನೂ ಇಲ್ಲದೆ ಇವತ್ತಿಗೂ ನಿಂತಿವೆ. ಬಾದಶಹನ ಕೆಲಸವೇ ಅರ್ಧಕ್ಕೆ ನಿಂತ ಮೇಲೆ, ಪುರಸಭೆಗೆ ಮನೆಪಟ್ಟಿ ಕಟ್ಟುವ ನಾವು ಯಾವ ಲೆಕ್ಕ?

ನಮ್ಮ ಮನೆಗೆ ಸರಳಿಲ್ಲ, ಹಲ್ಲುಂಟು. ಮುತ್ಯಾ ಕಟ್ಟಿಸಿದ ಮನೆ, ಕರಿಕಲ್ಲು ಮತ್ತು ಮಣ್ಣಿನದು. ಗೋಡೆ ಎರಡೂವರೆ ಅಡಿ ದಪ್ಪ. ಮೇಲೆ ತೊಲೆ, ಜಂತಿ, ಅದರ ಮೇಲೆ ಹಾಳುಮಣ್ಣಿನ ಮಾಳಿಗೆ. ಹಿತ್ತಲ ಕಡೆಯ ಗೋಡೆಯಲ್ಲಿ ಎರಡು ಕಡೆ, ನೆಲದಿಂದ ಮಾಳಿಗೆಯ ತನಕ, ಒಂದು ಬಿಟ್ಟು ಒಂದು ಕಲ್ಲು ಗೇಣುದ್ದ ಹೊರಗೆ ಚಾಚಿಕೊಂಡಿದೆ. ಮುಂದೆ ಎಂದಾದರೂ ಹಿಂದೊಂದು ಕೋಣೆ ಕಟ್ಟುವಾಗ ಹೊಸ ಗೋಡೆಯ ಕಲ್ಲು ಈ ಸಂದಿಗಳಲ್ಲಿ ಹೊಕ್ಕು ಹಳೆಯದನ್ನು ಕಚ್ಚಿ ಹಿಡಿಯಲಿ ಎಂಬ ಯೋಜನೆ. ಮುತ್ಯಾ ಹೋದ. ಅಪ್ಪನ ಕಾಲವೂ ಹೋಯಿತು. ಅಷ್ಟು ದಿನ ಆ ಕಲ್ಲುಗಳ ಮೇಲೆ ಕೋಳಿ ಕೂತವು, ನಾವು ಹುಡುಗರು ಹತ್ತಿ ಮಾಳಿಗೆಗೆ ಹೋಗಿ ಸಂಡಿಗೆ ಕದ್ದೆವು, ಒಂದು ಹಲ್ಲಿಗೆ ಎಮ್ಮೆಯ ಹಗ್ಗ ಸುತ್ತಿ ಸುತ್ತಿ ನಯವಾಯಿತು.

ದೀಪಾವಳಿಗೆ ಎಲ್ಲರೂ ಕೂಡಿದಾಗ ಅವ್ವ ಮಾತು ತೆಗೆದಳು. “ನಿಮ್ಮ ಮುತ್ಯಾ ಹಲ್ಲು ಬಿಟ್ಟು ಹೋದ್ರು. ಅದಕ್ಕೊಂದು ತುತ್ತು ಹಾಕವರು ಈ ಮನ್ಯಾಗ ಯಾರೂ ಹುಟ್ಟಲಿಲ್ಲ ನೋಡು.” ಎಪ್ಪತ್ತು ದಾಟಿದ ತಾಯಿ ಇಂಥ ಮಾತನ್ನು ಮಕ್ಕಳು ಮೊಮ್ಮಕ್ಕಳ ಎದುರಿಗೆ, ಹೋಳಿಗೆ ಬಡಿಸುತ್ತ ಆಡಿದ ಮೇಲೆ ಉಳಿದದ್ದು ಗೌಂಡಿಯನ್ನು ಹುಡುಕುವ ಕೆಲಸ ಅಷ್ಟೆ.

ಕೋಣೆ ಯಾತಕ್ಕೆ ಅನ್ನುವುದು ಮಾತ್ರ ಕೊನೆಯ ತನಕ ಬಗೆಹರಿಯಲಿಲ್ಲ. ಅವ್ವನ ಪ್ರಕಾರ ಅದು ಅಡುಗೆಮನೆ. ರೊಟ್ಟಿಯ ಒಲೆ ಹಿತ್ತಲಲ್ಲಿ ಮಳೆಗೆ ನೆನೆಯುತ್ತದೆ. ಹೆಂಡತಿಯ ಪ್ರಕಾರ ಅದು ಅವ್ವನದೇ ಕೋಣೆ, ಬಚ್ಚಲಿಗೆ ಹತ್ತಿರ. ನನ್ನ ಪ್ರಕಾರ ಒಂದು ಮೇಜು, ಒಂದು ಕುರ್ಚಿ, ಪುಸ್ತಕದ ಕಪಾಟು. ಬಾಜೂ ಮನೆಯ ಮಾಮಾ ಕಾಂಪೌಂಡಿನ ಮೇಲಿಂದ ಇಣುಕಿ, “ಅದಾ ಪಾಯಾದ ಮ್ಯಾಲ ಎರಡು ಮಜಲು ಏರಿಸ್ರಿ. ಕಡಗಂಚಿ ಯೂನಿವರ್ಸಿಟಿ ಮಾಸ್ತರಗೋಳಿಗಿ ಬಾಡಿಗಿ ಕೊಡ್ರಿ” ಅಂದ. ಕಡಗಂಚಿಗೆ ಕೇಂದ್ರೀಯ ವಿಶ್ವವಿದ್ಯಾಲಯ ಬಂದಾಗಿನಿಂದ ಮಾಮಾನ ಎಲ್ಲ ಲೆಕ್ಕಾಚಾರದಲ್ಲೂ ಒಬ್ಬ ಬಾಡಿಗೆ ಕೊಡುವ ಪ್ರೊಫೆಸರ್ ಇದ್ದೇ ಇರುತ್ತಾನೆ.

ಕಲ್ಲೋ, ಬ್ಲಾಕೋ, ಇಟ್ಟಂಗಿಯೋ ಅನ್ನುವುದು ಮುಂದಿನ ಜಗಳ. ಕಾಕಾ ಕಲ್ಲಿನ ಪಕ್ಷ. “ಮನಿ ಕಲ್ಲಿಂದದ, ಬಾಲಾ ಇಟ್ಟಂಗೀದ್ಯಾಕ?” ಕಾಕಾನಿಗೆ ಎದುರಾಡುವುದು ನಮ್ಮ ಮನೆಯ ರೂಢಿಯಲ್ಲ. ಆದರೆ ಈ ಸೀಮೆಯಲ್ಲಿ ಕಲ್ಲು ಮಣ್ಣಿನ ಗೋಡೆಯ ಮಾತು ಬಂದರೆ ಎಲ್ಲರೂ ಒಂದು ಕ್ಷಣ ಸುಮ್ಮನಾಗುತ್ತಾರೆ. 1993ರ ಸೆಪ್ಟೆಂಬರ್ 30, ನಸುಕಿನ ನಾಲ್ಕಕ್ಕೆ ನಾಲ್ಕು ನಿಮಿಷ ಕಡಿಮೆ. ಅಂದು ನೆಲ ನಡುಗಿದ ಕಿಲ್ಲಾರಿ ನಮ್ಮಿಂದ ದೂರವಿಲ್ಲ. ಉತ್ತರಕ್ಕೆ ನೇರ ಗೆರೆ ಎಳೆದರೆ ಅರುವತ್ತು ಕಿಲೋಮೀಟರೂ ಆಗುವುದಿಲ್ಲ, ನಡುವೆ ಉಮರ್ಗಾ ಒಂದು. ಹಿಂದಿನ ರಾತ್ರಿ ಗಣಪತಿ ಕಳಿಸಿ ಬಂದು ಮಲಗಿದ್ದ ಜನ, ಹತ್ತಿರಹತ್ತಿರ ಹತ್ತು ಸಾವಿರ, ತಮ್ಮ ತಮ್ಮ ಮನೆಯ ಗೋಡೆಗಳ ಕೆಳಗೇ ಹೋದರು. ಭೂಮಿ ನಡುಗಿದ್ದಕ್ಕಿಂತ ಮನೆ ಬಿದ್ದು ಸತ್ತವರು. ಗುಂಡಗಿನ ಕರಿಕಲ್ಲನ್ನು ಒಳಗೊಂದು ಸಾಲು ಹೊರಗೊಂದು ಸಾಲು ಇಟ್ಟು, ನಡುವೆ ಸಣ್ಣ ಕಲ್ಲು, ಕೆಸರು ತುಂಬಿದ ಗೋಡೆಗಳು. ಎರಡೂ ಸಾಲನ್ನು ಕೂಡಿಸುವ ಉದ್ದನೆಯ ಕಲ್ಲು ಇಲ್ಲ. ಮೇಲೆ ಸೋರಬಾರದೆಂದು ವರ್ಷಾ ವರ್ಷಾ ಒಂದೊಂದು ಪದರ ಏರಿಸಿದ ಮಣ್ಣು. ಬೇಸಿಗೆಯಲ್ಲಿ ಆ ಮನೆಗಳಷ್ಟು ತಂಪು ಎಲ್ಲೂ ಇರುತ್ತಿರಲಿಲ್ಲ. ಆಮೇಲೆ ನಮ್ಮ ಓಣಿಯವರು ಎಷ್ಟೋ ದಿನ ಅಂಗಳದಲ್ಲೇ ಹಾಸಿಗೆ ಹಾಕಿದರು. ಮುತ್ಯಾನ ಮಾಳಿಗೆಯ ಅರ್ಧ ಮಣ್ಣನ್ನು ಅಪ್ಪ ಇಳಿಸಿದ್ದು ಆಗಲೇ. ಕಾಕಾ ಅದನ್ನೆಲ್ಲ ನೋಡಿದವನು. ಕಲ್ಲಿನ ಮಾತನ್ನು ಅಲ್ಲಿಗೇ ಬಿಟ್ಟು, “ಏನರೆ ಮಾಡ್ಕೋರಿ” ಎಂದು ಎಲೆಅಡಿಕೆ ಚೀಲ ಬಿಚ್ಚಿದ.

ಅಣ್ಣನ ಮಗ ಬ್ಲಾಕಿನ ಪಕ್ಷ. ಕಲಬುರಗಿಯ ಪಿಡಿಎ ಕಾಲೇಜಿನಲ್ಲಿ ಸಿವಿಲ್ ಓದುತ್ತಾನೆ. ಬ್ಲಾಕಾದರೆ ಕೆಲಸ ಬೇಗ, ಖರ್ಚು ಕಡಿಮೆ ಅಂದ. ಅವ್ವ ಒಪ್ಪಲಿಲ್ಲ. ಬ್ಲಾಕಿನ ಮನೆಯ ಮಗಳ ಹತ್ತಿರ ಒಂದು ಮೇ ತಿಂಗಳು ಕಳೆದು ಬಂದವಳು ಅವಳು. ಕಲಬುರಗಿಯ ಬಿಸಿಲು ನಲವತ್ಮೂರು ದಾಟಿದಾಗ ರಾತ್ರಿ ಹನ್ನೊಂದರ ತನಕ ಬ್ಲಾಕಿನ ಗೋಡೆ ಕಾಯ್ದೇ ಇರುತ್ತದೆ. ಆದರೆ ಅವ್ವ ಕೊಟ್ಟ ಕಾರಣ ಬಿಸಿಲಿನದಲ್ಲ. “ಇಟ್ಟಂಗಿ ಮ್ಯಾಲ ದೇವ್ರೇ ನಿಂತಾನ. ನಿಮಗ್ಯಾಕ ಆಗಂಗಿಲ್ಲ?”

ಇದಕ್ಕೆ ಪಿಡಿಎ ಕಾಲೇಜಿನ ಬಳಿ ಉತ್ತರವಿರಲಿಲ್ಲ. ಪುಂಡಲೀಕ ತಾಯಿ ತಂದೆಯ ಸೇವೆ ಮಾಡುತ್ತಿದ್ದಾಗ ದೇವರು ಬಾಗಿಲಿಗೆ ಬಂದ. ಕೈ ಬಿಡುವಿಲ್ಲದ ಪುಂಡಲೀಕ ಒಂದು ಇಟ್ಟಂಗಿ ಎಸೆದು, ಅದರ ಮೇಲೆ ನಿಂತಿರು ಅಂದ. ವಿಠ್ಠಲ ಸೊಂಟದ ಮೇಲೆ ಕೈ ಇಟ್ಟುಕೊಂಡು ಪಂಢರಪುರದಲ್ಲಿ ಇನ್ನೂ ನಿಂತಿದ್ದಾನೆ. ನನ್ನ ಗುಮಾನಿ ಏನೆಂದರೆ, ಪುಂಡಲೀಕನ ಮನೆಯಲ್ಲೂ ಆಗ ಕೋಣೆ ಕಟ್ಟುವ ಕೆಲಸ ನಡೆದಿರಬೇಕು. ಇಲ್ಲದಿದ್ದರೆ ಕೂತಲ್ಲಿಂದಲೇ ಕೈಗೆ ಸಿಗುವ ಹಾಗೆ ಇಟ್ಟಂಗಿ ಎಲ್ಲಿಂದ ಬಂತು? ಬಹುಶಃ ತಾಯಿ ತಂದೆಗೇ ಅಂತ ಹಿತ್ತಲಲ್ಲಿ ಒಂದು ಕೋಣೆ. ಗೌಂಡಿ ಆ ದಿನ ಬಂದಿರಲಿಕ್ಕಿಲ್ಲ.

ಇನ್ನು ಅಳತೆ. ಅಣ್ಣನ ಮಗ ಹತ್ತು ಬೈ ಹನ್ನೆರಡರ ನಕ್ಷೆ ಬರೆದ. ಕಾಕಾ ಅದನ್ನು ಆಯ ನೋಡುವವರ ಹತ್ತಿರ ಒಯ್ದ. ಉದ್ದ ಅಗಲ ಗುಣಿಸಿ ಎಂಟರಿಂದ ಭಾಗಿಸಬೇಕು. ಒಂದು ಉಳಿದರೆ ಧ್ವಜಾಯ, ಎರಡು ಧೂಮಾಯ, ಮೂರು ಸಿಂಹಾಯ, ನಾಲ್ಕು ಶ್ವಾನಾಯ, ಐದು ವೃಷಭಾಯ, ಆರು ಖರಾಯ, ಏಳು ಗಜಾಯ. ಏನೂ ಉಳಿಯದಿದ್ದರೆ ಕಾಕಾಯ. ಹತ್ತು ಹನ್ನೆರಡಲೆ ನೂರಾ ಇಪ್ಪತ್ತು, ಎಂಟಹದಿನೈದು ನೂರಾ ಇಪ್ಪತ್ತು, ಶೇಷ ಸೊನ್ನೆ. ಕಾಗೆ. ಹತ್ತು ಬೈ ಹದಿಮೂರು ಮಾಡಿದರೆ ಎರಡು ಉಳಿಯುತ್ತದೆ, ಹೊಗೆ. ಅಡುಗೆಮನೆಯಲ್ಲಿ ಹೊಗೆ ಇದ್ದರೆ ತಪ್ಪೇನು ಎಂದು ನಾನು ಕೇಳಿದ್ದು ಯಾರಿಗೂ ಸೇರಲಿಲ್ಲ. ಕೊನೆಗೆ ಹನ್ನೊಂದು ಬೈ ಹದಿಮೂರು ಆಯಿತು. ನೂರಾ ನಲವತ್ಮೂರು, ಶೇಷ ಏಳು, ಆನೆ. ಕಾಕಾ ಗೆದ್ದ ಮುಖದಿಂದ ಮನೆಗೆ ಬಂದ. ರಾತ್ರಿ ಹಾಸಿಗೆಯಲ್ಲಿ ಲೆಕ್ಕ ತಿರುಗಿಸಿ ನೋಡಿದೆ. ಶುಭವೆನ್ನುವ ಆಯಗಳೆಲ್ಲ ಬೆಸ ಶೇಷದವು. ಶೇಷ ಬೆಸ ಬರಬೇಕಾದರೆ ಗುಣಲಬ್ಧ ಬೆಸ ಇರಬೇಕು. ಅದಕ್ಕೆ ಉದ್ದ ಅಗಲ ಎರಡೂ ಬೆಸ ಇರಬೇಕು. ಎರಡೂ ಬೆಸ ಇಟ್ಟುಬಿಟ್ಟರೆ ಕಾಗೆ, ನಾಯಿ, ಕತ್ತೆ, ಹೊಗೆ ಯಾವುದೂ ಮನೆಯ ಹತ್ತಿರ ಸುಳಿಯುವುದಿಲ್ಲ. ಇಡೀ ಶಾಸ್ತ್ರ ಒಂದು ಸಾಲಿನಲ್ಲಿ ಮುಗಿಯುತ್ತದೆ ಎಂದು ಬೆಳಿಗ್ಗೆ ಕಾಕಾನಿಗೆ ಹೇಳಿದೆ. “ಹಾಂಗಂತ ಅವರಿಗಿ ಕೊಟ್ಟ ನೂರಾ ಒಂದ್ ರೂಪಾಯಿ ವಾಪಸ್ ಬರ್ತದೇನು?” ಅಂದ.

ಇಟ್ಟಂಗಿ ನೋಡಲು ಉಮರ್ಗಾ ರಸ್ತೆಯ ಒಂದು ಭಟ್ಟಿಗೆ ಹೋದೆವು. ನಮ್ಮ ಎರೆಮಣ್ಣು ತೊಗರಿಗೆ, ಜೋಳಕ್ಕೆ ತಾಯಿ. ಇಟ್ಟಂಗಿಗೆ ಮಲತಾಯಿ. ಹಸಿ ಇಟ್ಟಂಗಿ ಒಣಗುವಷ್ಟರಲ್ಲೇ ಸೀಳಿ ಬಿಡುತ್ತದೆ. ಅದಕ್ಕೇ ಕೆರೆ, ಹಳ್ಳದ ಹೂಳು ತಂದು ಬೂದಿ ಕೂಡಿಸಿ ತುಳಿಯುತ್ತಾರೆ. ಅಚ್ಚಿಗೆ ಬಡಿದು, ಬಿಸಿಲಿಗೆ ಒಣಗಿಸಿ, ಗೂಡು ಹಾಕಿ ನಡುನಡುವೆ ಕಲ್ಲಿದ್ದಲು, ಹೊಟ್ಟು ತುಂಬಿ ಬೆಂಕಿ ಇಡುತ್ತಾರೆ. ಹೊರಮೈಯವು ಅರ್ಧ ಬೆಂದು ಬಿಳಿಚಿಕೊಂಡಿರುತ್ತವೆ. ಒಳಗಿನವು ಹೆಚ್ಚು ಸುಟ್ಟು ಸೊಟ್ಟಗಾಗಿ ಕರಿಗಟ್ಟಿರುತ್ತವೆ. ನಡುವಿನವು ನಮಗೆ ಬೇಕಾದವು, ಭಟ್ಟಿಯವನಿಗೆ ಕೊಡಲು ಮನಸ್ಸಿಲ್ಲದವು. ಒಬ್ಬ ಹೆಣ್ಣುಮಗಳು ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಹಲಗೆ ಇಟ್ಟು, ಹತ್ತು ಇಟ್ಟಂಗಿ ತಾನೇ ಒಂದೊಂದಾಗಿ ಏರಿಸಿಕೊಂಡಳು. ಕೊನೆಯ ಎರಡನ್ನು ಕಣ್ಣೆತ್ತಿ ನೋಡದೆಯೇ ಸರಿಯಾದ ಜಾಗಕ್ಕೆ ಇಟ್ಟಳು. ಒಂದು ಇಟ್ಟಂಗಿ ಮೂರು ಕೆಜಿ ತೂಗುತ್ತದೆ. ಮೂವತ್ತು ಕೆಜಿ ಹೊತ್ತು ಟ್ರ್ಯಾಕ್ಟರಿಗೆ ಹೋಗುತ್ತ, ದಾರಿಯಲ್ಲಿ ಅಡ್ಡ ಬಂದ ಮಗುವನ್ನು ಕಾಲಿನಿಂದ ಮೆಲ್ಲಗೆ ಪಕ್ಕಕ್ಕೆ ಸರಿಸಿದಳು. ಸಾವಿರಕ್ಕೆ ಇಷ್ಟು ಎಂದು ಚೌಕಾಸಿ ಮಾಡುತ್ತಿದ್ದ ಕಾಕಾನ ದನಿ ಆಮೇಲೆ ಸ್ವಲ್ಪ ಇಳಿಯಿತು.

ಗೌಂಡಿಯೂ ಜೊತೆಗೆ ಬಂದಿದ್ದ. ಎರಡು ಇಟ್ಟಂಗಿ ತೆಗೆದು ಒಂದಕ್ಕೊಂದು ಬಡಿದ. ಠಣ್ ಅಂತ ಗಂಟೆಯ ನಾದ ಬಂತು. ಇನ್ನೊಂದು ಜೋಡಿ ಬಡಿದ. ಡಬ್ ಅಂತು. ಆ ಸಾಲನ್ನೇ ಬಿಟ್ಟ. ಉಗುರಿನಿಂದ ಗೀರಿದ, ಗೆರೆ ಬೀಳಲಿಲ್ಲ. ಎದೆಮಟ್ಟದಿಂದ ನೆಲಕ್ಕೆ ಬಿಟ್ಟ, ಒಡೆಯಲಿಲ್ಲ. ಇಂಜಿನಿಯರುಗಳ ಪುಸ್ತಕದಲ್ಲೂ ಇವೇ ಪರೀಕ್ಷೆಗಳಿವೆ. ಜೊತೆಗೆ ಇಪ್ಪತ್ನಾಲ್ಕು ತಾಸು ನೀರಲ್ಲಿಟ್ಟರೆ ತನ್ನ ತೂಕದ ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ನೀರು ಕುಡಿಯಬಾರದು ಎಂಬುದೊಂದು. ಆಕಾರದ ಮಾತು ಬಂದರೆ, ಒಂಬತ್ತು ಇಂಚು ಉದ್ದ, ನಾಲ್ಕೂವರೆ ಅಗಲ, ಮೂರು ದಪ್ಪ. ಅಡ್ಡ ಇಟ್ಟ ಎರಡು, ಉದ್ದ ಇಟ್ಟ ಒಂದಕ್ಕೆ ಸಮನಾಗಬೇಕು. ಆಗ ಮಾತ್ರ ಸಂದಿಯ ಮೇಲೆ ಸಂದಿ ಬಾರದ ಹಾಗೆ ಕಟ್ಟಬಹುದು. ಹರಪ್ಪದವರಿಗೆ ಇದು ಗೊತ್ತಿತ್ತು. ಅವರ ಇಟ್ಟಿಗೆಯ ದಪ್ಪ, ಅಗಲ, ಉದ್ದ 1:2:4. ಆ ಇಟ್ಟಿಗೆಗಳು ಎಷ್ಟು ಗಟ್ಟಿಯಿದ್ದವೆಂದರೆ, 1850ರ ದಶಕದಲ್ಲಿ ಲಾಹೋರ್-ಮುಲ್ತಾನ್ ರೈಲು ಹಾಕುವಾಗ ಕಂತ್ರಾಟುದಾರರು ಹರಪ್ಪವನ್ನೇ ಅಗೆದು ಹಳಿಯ ಕೆಳಗೆ ಸುರಿದರು. ಕಂತ್ರಾಟುದಾರರು ಎಲ್ಲ ಕಾಲಕ್ಕೂ ಒಂದೇ ಜಾತಿ. ಇಟ್ಟಿಗೆಯ ಕೆಲಸದಲ್ಲಿ ನಮ್ಮ ಕಡೆಯವರೇನು ಕಡಿಮೆಯಿಲ್ಲ. ಗೋಳಗುಮ್ಮಟದ ಗೋಡೆ ಕಲ್ಲಿನದಾದರೂ ತಲೆಯ ಮೇಲಿನ ಆ ಗುಮ್ಮಟ ಇಟ್ಟಿಗೆ ಮತ್ತು ಗಚ್ಚಿನದು, ಹತ್ತಡಿ ದಪ್ಪ. ಅಲ್ಲಿ ಪಿಸುಗುಟ್ಟಿದವರಿಗೆ ಇದು ಗೊತ್ತಿರುವುದಿಲ್ಲ.

ನಮಗೆ ಬೇಕಾದದ್ದು ಮೂರು ಸಾವಿರದ ಮೇಲೆ ಚಿಲ್ಲರೆ.

ಗೌಂಡಿ ಮೊದಲ ದಿನ ಏನೂ ಕಟ್ಟಲಿಲ್ಲ. ಮುತ್ಯಾನ ಗೋಡೆಯ ಮುಂದೆ ನಿಂತು ತೂಗುಗುಂಡು ಬಿಟ್ಟು ನೋಡಿದ. ಗೋಡೆ ಮೇಲಕ್ಕೆ ಹೋಗುತ್ತ ಹಿತ್ತಲ ಕಡೆಗೆ ಎರಡು ಬೆರಳು ವಾಲಿತ್ತು. ಹಲ್ಲುಗಳನ್ನು ಕೈಯಾಡಿಸಿ ನೋಡಿದ. ಬೀಡಿ ಹಚ್ಚಿದ.

“ಮುತ್ಯಾನ ಹಲ್ಲು ಮುತ್ಯಾನ ಬಾಯಾಗೇ ಇರ್ಲಿರಿ. ನಾ ಇದಕ್ಕ ಹಚ್ಚಿ ಕಟ್ಟಂಗಿಲ್ಲ.”

ಕಾಕಾ ಕಟ್ಟೆಯಿಂದ ಇಳಿದು ಬಂದ. “ಅಂದ್ರ? ನಮ್ಮಪ್ಪ ಇದನ್ನ ಯಾತಕ್ಕ ಬಿಟ್ಟು ಹೋದ ಮತ್ತ? ಚಂದ ಕಾಣಲಿ ಅಂತೇನು?”

“ಹಳೀ ಗ್ವಾಡಿ ಎಷ್ಟು ಕೂಡಬೇಕೋ ಅಷ್ಟು ಕುಂತದ್ರಿ ಯಜಮಾನ್ರ. ಹೊಸಾದು ಇನ್ನಾ ಕೂಡಬೇಕು. ಕುಂತದ್ದಕ್ಕ ಕೂಡೋದನ್ನ ಕಟ್ಟಿದ್ರ ಎರಡರಾಗ ಒಂದು ಹರೀತದ. ಇದು ಎರಿ ಭೂಮಿ ಅದ, ನಿಮಗ ಗೊತ್ತಿಲ್ಲದ್ದೇನು?”

ಗೊತ್ತಿಲ್ಲದೆ ಏನು. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಾಯಿ ಬಿಡುತ್ತದೆ. ಏಪ್ರಿಲ್‌ನಲ್ಲಿ ನಮ್ಮ ಹೊಲದ ಬಿರುಕಿನಲ್ಲಿ ಮೊಣಕಾಲ ತನಕ ಕಾಲು ಇಳಿಯುತ್ತದೆ. ಮನೆಯ ನಡುವಿನ ನೆಲ ಬಿಸಿಲು ಮಳೆ ಕಾಣದೆ ಹೆಚ್ಚು ಅಲುಗಾಡುವುದಿಲ್ಲ. ಅಂಚಿನದು ಉಸಿರಾಡುತ್ತಲೇ ಇರುತ್ತದೆ. ಹಳೆಯ ಗೋಡೆ ಕಲ್ಲು ಮಣ್ಣಿನದು, ಸ್ವಲ್ಪ ಬಾಗುತ್ತದೆ, ಸಹಿಸುತ್ತದೆ. ಸಿಮೆಂಟಿನಲ್ಲಿ ಕಟ್ಟಿದ ಇಟ್ಟಂಗಿ ಗೋಡೆ ಬಾಗುವುದನ್ನು ಕಲಿತಿಲ್ಲ. ಅಣ್ಣನ ಮಗ ಇದನ್ನೇ ಇಂಗ್ಲಿಷಿನಲ್ಲಿ ವಿವರಿಸಿ, ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ಎರೆಭೂಮಿಗೆ ಅಂತಲೇ ತಳದಲ್ಲಿ ಅಗಲವಾಗುವ ಪೈಲ್ ಕಂಡುಹಿಡಿದಿದ್ದಾರೆ, ಹಾಕಿಸೋಣ ಅಂದ. ಗೌಂಡಿ ಕೇಳಿಸಿಕೊಂಡು, “ಹಾಕಿಸ್ರಿ. ಕೋಣಿ ಬ್ಯಾಡ, ಬರೇ ಪೈಲಾ ಆಗ್ತದ ನಿಮ್ಮ ರೊಕ್ಕದಾಗ” ಅಂದ.

ಅವನ ಉಪಾಯ ಇದು. ಹೊಸ ಕೋಣೆಗೆ ತನ್ನದೇ ಪಾಯ. ಎರೆ ಮುಗಿದು ಗರಸು ಹತ್ತುವ ತನಕ ತೋಡಬೇಕು. ಗೋಡೆಗಳನ್ನು ಹಲ್ಲಿನ ಸಾಲುಗಳ ಹೊರಮಗ್ಗುಲಿಗೆ ಎಬ್ಬಿಸಿ, ಹಳೆಯ ಗೋಡೆಗೂ ಹೊಸದಕ್ಕೂ ನಡುವೆ ಒಂದು ಇಂಚು ಸಂದಿ ಬಿಡಬೇಕು. ಸ್ಲ್ಯಾಬಿನ ಭಾರ ಮುತ್ಯಾನ ಗೋಡೆಯ ಮೇಲೆ ಬೀಳಬಾರದು. ಆ ಬದಿಗೆ ಎರಡು ಇಟ್ಟಂಗಿ ಕಂಬ, ಮೇಲೊಂದು ಬೀಮು. ಹಲ್ಲುಗಳೆಲ್ಲ ಕೋಣೆಯ ಒಳಗೇ ಉಳಿಯುತ್ತವೆ.

ಕಾಕಾ ಎರಡು ದಿನ ಹಿತ್ತಲಿಗೆ ಕಾಲಿಡಲಿಲ್ಲ. ಅಪ್ಪ ಚಾಚಿದ ಕೈಯನ್ನು ಮಗ ಹಿಡಿಯಲಿಲ್ಲ ಎಂದು ಊರು ಆಡಿಕೊಳ್ಳುತ್ತದೆ ಅನ್ನುವುದು ಅವನ ಸಂಕಟ. ಊರಿಗೆ ಅಷ್ಟು ಪುರುಸೊತ್ತು ಇಲ್ಲ ಅಂದರೂ ಕೇಳಲಿಲ್ಲ. ಮೂರನೆಯ ದಿನ ತಾನೇ ಬಂದ. ಬಂದದ್ದಕ್ಕೆ ಕಾರಣವಿತ್ತು. ಪಾಯ ತೋಡುವಾಗ ಒಂದು ಮೂಲೆಯಲ್ಲಿ ಹಾರೆ ಧಡಕ್ಕನೆ ಒಳಗೆ ಇಳಿದು ಟೊಳ್ಳು ಸದ್ದು ಬಂದಿತ್ತು.

ಹಾರೆಯ ಸದ್ದು ಆಳಂದದ ತುಂಬ ಎಷ್ಟು ಬೇಗ ಹಬ್ಬಿತು ಅನ್ನುವುದನ್ನು ಯಾವ ಭೂಕಂಪ ಮಾಪಕವೂ ಅಳೆಯಲಾರದು. ಅರ್ಧ ತಾಸಿನಲ್ಲಿ ಹಿತ್ತಲು ತುಂಬಿತು. ಬಾಜೂ ಮನೆಯ ಮಾಮಾ ಕಾಂಪೌಂಡ್ ಹಾರಿಯೇ ಬಂದ. ಈ ನೆಲದಲ್ಲಿ ಬಹಮನಿಯವರು, ಆದಿಲ್ ಶಾಹಿಯವರು, ನಿಜಾಮನವರು ಎಲ್ಲರೂ ಓಡಾಡಿದ್ದಾರೆ; ಹಿಂದಿನವರು ಹೊನ್ನಿನ ಕೊಪ್ಪರಿಗೆ ಹುಗಿಯದೆ ಸತ್ತದ್ದುಂಟೆ? ಕಾಕಾ ಪಾಯದ ಅಂಚಿಗೆ ಕೂತು, ಯಾರೂ ಇಳಿಯಬೇಡಿ ಎಂದು ಕೈ ಅಡ್ಡ ಹಿಡಿದ. ಲಿಂಬೆಹಣ್ಣು ತರಿಸಿದ. ಒಬ್ಬರು ಸರ್ಕಾರಕ್ಕೆ ತಿಳಿಸಬೇಕಾಗುತ್ತದೆ ಅಂದರು. ಅವರ ಮಾತನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಗೌಂಡಿ ಮೇಲಿನ ಚಪ್ಪಡಿ ಸರಿಸಿದ. ಒಳಗೆ ದುಂಡನೆಯ ಬಾವಿ, ಗೋಡೆಗೆ ಜೋಳದ ದಂಟು ಹುಲ್ಲು ಒತ್ತಿದ ಗುರುತು, ತಳದಲ್ಲಿ ಕರ್ರಗೆ ಕೊಳೆತು ಒಣಗಿದ ಕಾಳಿನ ಹೊಟ್ಟು. ಹಗೇವು. ಬರಗಾಲಕ್ಕೆ ಅಂತ ಜೋಳ ತುಂಬಿ ಮುಚ್ಚಿಡುತ್ತಿದ್ದ ನೆಲಮಾಳಿಗೆ. ಜನ ಬಂದಷ್ಟೇ ಬೇಗ ಕರಗಿದರು. ಆ ತಗ್ಗನ್ನು ಗರಸು ಹಾಕಿ ನೀರು ಬಿಟ್ಟು ದಿಮ್ಮಸು ಹೊಡೆದು ತುಂಬಿಸಲು ಆದ ಖರ್ಚಿನ ಬಗ್ಗೆ ಯಾರೂ ಕೇಳಲು ಬರಲಿಲ್ಲ. ಅವ್ವ ಮಾತ್ರ ಆ ಹೊಟ್ಟನ್ನು ಒಂದು ಮುಷ್ಟಿ ಎತ್ತಿ ಮೂಸಿ, “ದೊಡ್ಡ ಜ್ವಾಳ. ನಿಮ್ಮ ಮುತ್ಯಾಂದಲ್ಲ, ಅವರಪ್ಪಂದು” ಅಂದಳು. ಹೇಗೆ ಗೊತ್ತಾಯಿತೋ ಶಿವನೇ ಬಲ್ಲ.

ಉಸುಕಿನ ಕಥೆ ಬೇಗ ಮುಗಿಸುತ್ತೇನೆ, ನೆನೆಸಿಕೊಂಡರೆ ರಕ್ತದೊತ್ತಡ ಏರುತ್ತದೆ. ಪಂಢರಪುರದಲ್ಲಿ ಚಂದ್ರಭಾಗಾ ಎನ್ನಿಸಿಕೊಂಡು ಹರಿಯುವ ಭೀಮೆ ಅಫಜಲಪುರದ ಸೀಮೆ ಹೊಕ್ಕು, ಗಾಣಗಾಪುರದಲ್ಲಿ ಅಮರ್ಜೆಯನ್ನು ಕೂಡಿಕೊಂಡು ಜೇವರ್ಗಿಯ ಕಡೆ ಹೋಗುತ್ತಾಳೆ. ಆ ಉಸುಕು ಒಂದು ಕಾಲಕ್ಕೆ ಚಕ್ಕಡಿಯಲ್ಲಿ ಬರುತ್ತಿತ್ತು. ಟ್ರ್ಯಾಕ್ಟರಿನವನು ಈಗ ಹೇಳಿದ ರೇಟು ಕೇಳಿ ಬೆರಗಾದಾಗ, “ವಿಠ್ಠಲನ ಪಾದ ತೊಳದ ನದೀ ಉಸುಕರಿ” ಎಂದ. ನಾವು ಕಲ್ಲು ಅರೆದ ಎಂ-ಸ್ಯಾಂಡ್ ತರಿಸಿದೆವು. ಸಿಮೆಂಟಿಗೆ ದೂರ ಹೋಗಬೇಕಿರಲಿಲ್ಲ. ವಾಡಿ, ಸೇಡಂ, ಮಳಖೇಡ ಎಲ್ಲ ನಮ್ಮ ಜಿಲ್ಲೆಯವೇ. ರಾಷ್ಟ್ರಕೂಟರ ರಾಜಧಾನಿ ಈಗ ಚೀಲ ತುಂಬುತ್ತದೆ. ಊರಿನದೇ ಸಾಮಾನು ಎಂದು ಯಾರೂ ಒಂದು ರೂಪಾಯಿ ಬಿಡಲಿಲ್ಲ.

ಗೋಡೆ ಏಳತೊಡಗಿತು. ಇಟ್ಟಂಗಿಯನ್ನು ಹಿಂದಿನ ಸಂಜೆಯೇ ಡ್ರಮ್ಮಿನಲ್ಲಿ ಮುಳುಗಿಸಿ ಇಡಬೇಕು. ಒಣದನ್ನು ಕಟ್ಟಿದರೆ ಮಾಲಿನ ನೀರನ್ನೆಲ್ಲ ಅದೇ ಕುಡಿದು ಸಿಮೆಂಟು ಬರೀ ಬೂದಿಯಾಗುತ್ತದೆ. ನೀರಿಗೆ ಬಿದ್ದ ಇಟ್ಟಂಗಿ ಮೊದಲು ಗುಳುಗುಳು ಗುಳ್ಳೆ ಬಿಡುತ್ತದೆ, ಆಮೇಲೆ ಒಂದು ಹಸಿ ಮಣ್ಣಿನ ವಾಸನೆ. ಅವ್ವ ಅದನ್ನು ನೋಡುತ್ತ ಡ್ರಮ್ಮಿನ ಹತ್ತಿರ ಕೂತೇ ಬಿಡುತ್ತಿದ್ದಳು. ಗುಳ್ಳೆ ನಿಂತ ಮೇಲೆ, “ಕುಡದಾವ, ತಗೀರಿ” ಎಂದು ಅವಳ ಹುಕುಂ. ಗೌಂಡಿ ಎರಡು ತುದಿಗೆ ದಾರ ಕಟ್ಟಿ, ಥಾಪಿಯಿಂದ ಮಾಲು ಹರವಿ, ಇಟ್ಟಂಗಿ ಕೂಡಿಸಿ, ಹಿಡಿಯಿಂದ ಎರಡು ಪೆಟ್ಟು ಕೊಡುತ್ತಿದ್ದ. ಟಕ್, ಟಕ್. ಮೂರನೆಯ ಪೆಟ್ಟು ಬೇಕಾದ ಇಟ್ಟಂಗಿಯನ್ನು ತೆಗೆದು ಬದಿಗಿಡುತ್ತಿದ್ದ. ಮೇಲ್ಮೈಯಲ್ಲಿ ಭಟ್ಟಿಯ ಅಕ್ಷರ ಒತ್ತಿದ ತಗ್ಗು ಯಾವಾಗಲೂ ಮೇಲ್ಮುಖ. ಅದರಲ್ಲಿ ಮಾಲು ತುಂಬಿ ಮೇಲಿನದನ್ನು ಹಿಡಿಯಬೇಕು. ಹೀಗೆ ನಮ್ಮ ಗೋಡೆಯ ತುಂಬ ಮೂರು ಸಾವಿರ ಸಲ ಯಾರದೋ ಹೆಸರಿನ ಮೊದಲ ಅಕ್ಷರ ಹೂತುಹೋಯಿತು.

ನಡುವೆ ಅಣ್ಣನ ಮಗ ಇನ್ನೊಂದು ಆಸೆ ತೆಗೆದ. ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿ ಕೇರಳದಲ್ಲಿ ತೀರಿಕೊಂಡ ಲಾರಿ ಬೇಕರ್ ಅಂತ ಒಬ್ಬರು, ಇಟ್ಟಿಗೆಯಲ್ಲಿ ಅಗ್ಗದ ಚಂದದ ಮನೆ ಕಟ್ಟಿದವರು. ಅವರು ರೂಢಿಗೆ ತಂದ ಒಂದು ಕಟ್ಟಿನಲ್ಲಿ ಇಟ್ಟಂಗಿಗಳನ್ನು ಮಗ್ಗುಲಾಗಿ ನಿಲ್ಲಿಸಿ ಒಳಗೆ ಟೊಳ್ಳು ಬಿಡುತ್ತಾರೆ. ಕಾಲುಭಾಗ ಇಟ್ಟಂಗಿ ಉಳಿತಾಯ, ಟೊಳ್ಳಿನ ಗಾಳಿ ಬಿಸಿಲನ್ನು ತಡೆಯುತ್ತದೆ. ನಮ್ಮ ಊರಿಗೆ ಹೇಳಿ ಮಾಡಿಸಿದ್ದು. ಎಲ್ಲ ಸರಿಯಿತ್ತು, ಅದರ ಹೆಸರೊಂದು ಬಿಟ್ಟು. ಇಲಿಬೋನಿನ ಕಟ್ಟು. “ಇಲಿ ಸೇರ್ತಾವೇನ್ರಿ?” ಎಂದು ಗೌಂಡಿ ಕೇಳಿದ. ಇಲ್ಲ, ಬರೀ ಹೆಸರು ಅಂದ ಹುಡುಗ. “ತೊಗರಿ ನಾಡಿನಾಗ ಇಲಿಗಿ ಬ್ಯಾರೇ ಮನಿ ಯಾಕ ಕಟ್ಟಬೇಕ್ರಿ, ನಮ್ಮ ಮನೀನೇ ಅವ” ಎಂದು ಅವ್ವ ತೀರ್ಪು ಕೊಟ್ಟಳು. ಗಟ್ಟಿ ಗೋಡೆಯೇ ಆಯಿತು. ನನಗೆ ಇಂದಿಗೂ ಅನಿಸುತ್ತದೆ, ಬೇಕರ್ ಅದಕ್ಕೆ ಗುಬ್ಬಿಗೂಡು ಅಂತ ಹೆಸರಿಟ್ಟಿದ್ದರೆ ಉತ್ತರ ಕರ್ನಾಟಕದ ಅರ್ಧ ಮನೆಗಳು ಹಾಗೇ ಎದ್ದಿರುತ್ತಿದ್ದವು.

ಕಾಕಾನ ತಕರಾರು ದಪ್ಪದ್ದು. ಒಂಬತ್ತಿಂಚಿನ ಗೋಡೆಗೆ ಅಂಗೈ ಇಟ್ಟು, “ಇದರಾಗ ಮಾಡ ಎಲ್ಲಿ ಕೊರೀತಿ?” ಎಂದು ಕೇಳಿದ. ನ್ಯಾಯವಾದ ಪ್ರಶ್ನೆ. ಮುತ್ಯಾನ ಗೋಡೆಯಲ್ಲಿ ದೀಪಕ್ಕೊಂದು ಮಾಡ, ಕನ್ನಡಿ ಬಾಚಣಿಗೆಗೊಂದು, ಕಾಕಾನ ತಂಬಾಕಿಗೆ ಒಂದು, ಆಸ್ತಿಪತ್ರಕ್ಕೆ ಬಾಗಿಲಿದ್ದದ್ದು ಒಂದು. ಎರಡೂವರೆ ಅಡಿಯ ಗೋಡೆ ಅರ್ಧ ಗೋಡೆ, ಅರ್ಧ ಕಪಾಟು. ಹೊಸ ಗೋಡೆ ಗೋಡೆ ಮಾತ್ರ.

ಬಾಗಿಲ ಮಟ್ಟಕ್ಕೆ ಬಂದಾಗ ಗೌಂಡಿ ಕೆಲಸ ನಿಲ್ಲಿಸಿ ಕಬ್ಬಿಣ ಕೇಳಿದ. ಲಿಂಟಲ್ ಬಾಗಿಲು ಕಿಟಕಿಯ ಮೇಲಷ್ಟೇ ಸಾಲದು, ಮೂರೂ ಗೋಡೆಗಳನ್ನು ಸುತ್ತಿ ಒಂದೇ ಪಟ್ಟಿ ಹೋಗಬೇಕು ಅಂದ. ಖರ್ಚು ಹೆಚ್ಚಾಯಿತೆಂದು ನಾನು ಗೊಣಗಿದೆ. “ಕಿಲ್ಲಾರಿ ಆದಮ್ಯಾಲ ಆ ಕಡಿ ಮನಿ ಕಟ್ಟಲಾಕ ಹೋಗಿದ್ದೆರಿ ನಾ, ಹುಡುಗಿದ್ದಾಗ. ಅಲ್ಲಿ ಕಲ್ತದ್ದು. ಗ್ವಾಡಿಗಿ ಉಡದಾರ ಬೇಕ್ರಿ. ಅದು ಇಲ್ಲಂದ್ರ ನಡಗಿದಾಗ ಒಂದೊಂದು ಗ್ವಾಡಿ ಒಂದೊಂದು ದಿಕ್ಕಿಗಿ ಹೋಗ್ತದ.” ಕಾಕಾ ತಾನೇ ಎದ್ದು ಕಬ್ಬಿಣದ ಅಂಗಡಿಗೆ ಫೋನ್ ಮಾಡಿದ.

ಸ್ಲ್ಯಾಬ್ ಹಾಕಿದ ದಿನ ಗೋಧಿ ಹುಗ್ಗಿ, ತುಪ್ಪ. ಮಿಕ್ಸರಿನ ಸದ್ದಿನಲ್ಲಿ ಯಾರು ಏನು ಹೇಳಿದರು ಯಾರಿಗೂ ಗೊತ್ತಾಗಲಿಲ್ಲ, ಹಾಗಾಗಿ ಜಗಳವಿಲ್ಲದೆ ಮುಗಿಯಿತು. ಹಳೆ ಮಾಳಿಗೆಯ ಕುಂಬಿಗೂ ಹೊಸ ಸ್ಲ್ಯಾಬಿಗೂ ನಡುವಿನ ಸಂದಿಯ ಮೇಲೆ ಬಗ್ಗಿಸಿದ ತಗಡು ಮುಚ್ಚಿದರು. ಒಂದು ಅಂಚು ಹಳೆಯದರೊಳಗೆ, ಇನ್ನೊಂದು ಹೊಸದರ ಮೇಲೆ ಸಡಿಲು. ನೆಲಕ್ಕೆ ಶಹಾಬಾದಿ ಪರ್ಸಿ, ಅದರಲ್ಲಿ ಎರಡನೆಯ ಮಾತೇ ಇಲ್ಲ.

ಹೋಗುವ ಮೊದಲು ಗೌಂಡಿ ಹೊರಗಿನ ಗೋಡೆಯ ತುದಿಯಲ್ಲಿ ಒಂದು ಬಿಟ್ಟು ಒಂದು ಇಟ್ಟಂಗಿಯನ್ನು ಅರ್ಧ ಹೊರಗೆ ಚಾಚಿಸಿ ಬಿಟ್ಟಿದ್ದನ್ನು ನಾನು ಆಮೇಲೆ ನೋಡಿದೆ. ಇದೇನಪ್ಪ, ಹಲ್ಲು ಬೇಡ ಅಂದವನು ನೀನೇ ಅಲ್ಲವೇ ಅಂದರೆ, ಕಾಕಾನ ಕಡೆ ಕಣ್ಣು ಹಾಯಿಸಿ, “ಯಜಮಾನ್ರು ಹೇಳ್ಯಾರ್ರಿ. ಇಟ್ಟಂಗಿಗಿ ಇಟ್ಟಂಗಿ ಕಟ್ಟಿದ್ರ ಹಲ್ಲು ಚಲೋನೇ” ಅಂದ. ಕಾಕಾ ಆಕಾಶ ನೋಡುತ್ತಿದ್ದ. ಹಿತ್ತಲಲ್ಲಿ ಇನ್ನು ಉಳಿದಿರುವುದು ನಾಲ್ಕಡಿ ಜಾಗ, ಅದರಾಚೆ ಮಾಮಾನ ಕಾಂಪೌಂಡು.

ಕೋಣೆ ಯಾತಕ್ಕೆ ಎಂಬ ಪ್ರಶ್ನೆಗೆ ಕೊನೆಗೆ ಉತ್ತರ ಕೊಟ್ಟದ್ದು ತೊಗರಿ. ಗಿಲಾವು ಒಣಗುವ ಮೊದಲೇ ರಾಶಿ ಮುಗಿದು ಚೀಲ ಬಂದವು. ರೇಟು ಬರಲಿ ಎಂದು ಅಲ್ಲಿ ಜೋಡಿಸಿದೆವು. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಮಾನ್ಯತೆ ಸಿಕ್ಕಿದೆ. ಅಂಥ ಬಿರುದಾಂಕಿತರನ್ನು ಪಡಸಾಲೆಯಲ್ಲಿ ಕೂಡಿಸಲಾಗುತ್ತದೆಯೇ? ನನ್ನ ಮೇಜು ಇನ್ನೂ ಬಂದಿಲ್ಲ. ಅವ್ವ ಉಳಿದ ಜಾಗದಲ್ಲಿ ತನ್ನ ಮಂಚ ಹಾಕಿಸಿಕೊಂಡಳು. ಮುತ್ಯಾನ ಹಲ್ಲುಗಳು ಅವಳ ಕೈಗೆಟಕುವಷ್ಟು ಎತ್ತರದಲ್ಲಿವೆ. ಒಂದರ ಮೇಲೆ ಕನ್ನಡಕ, ಒಂದರ ಮೇಲೆ ಬಿಪಿ ಗುಳಿಗೆ, ಒಂದರ ಮೇಲೆ ಉಪ್ಪಿನಕಾಯಿ ಭರಣಿ, ಎಲ್ಲಕ್ಕಿಂತ ಮೇಲಿನದರಲ್ಲಿ ವಿಠ್ಠಲನ ಫೋಟೋ. ಮಾಡ ಇಲ್ಲದ ಕೋಣೆ ಎಂಬ ಕಾಕಾನ ದೂರು ಹಾಗೆ ಅರ್ಧ ಇತ್ಯರ್ಥವಾಯಿತು.

ಇನ್ನರ್ಧ ಆ ಸಂದಿಯದು. ಗೋಡೆ ನಿಜವಾಗಿ ಸರಿಯುತ್ತದೆಯೋ ಇಲ್ಲ ಗೌಂಡಿ ಬರೀ ಮಾತು ಹೇಳಿದನೋ ನೋಡಬೇಕೆಂದು ಕಾಕಾ ಸಂದಿಗೆ ಅಡ್ಡಲಾಗಿ ಪೇಪರಿನ ಪಟ್ಟಿ ಅಂಟಿಸಿ, ಮೇಲೆ ಪೆನ್ನಿನಿಂದ ತಾರೀಖು ಬರೆದಿದ್ದ. ದೊಡ್ಡ ದೊಡ್ಡ ಕಟ್ಟಡಗಳಲ್ಲಿ ಇಂಜಿನಿಯರುಗಳು ಇದೇ ಕೆಲಸವನ್ನು ಗಾಜಿನ ತುಂಡು ಅಂಟಿಸಿ ಮಾಡುತ್ತಾರೆ ಎಂದು ಹುಡುಗ ಹೇಳಿದ ಮೇಲೆ ಕಾಕಾನಿಗೆ ಆ ಪಟ್ಟಿಯ ಮೇಲೆ ಭಕ್ತಿ ಬಂದುಬಿಟ್ಟಿತು. ಬೆಳಿಗ್ಗೆ ಚಹಾದ ಕಪ್ಪು ಹಿಡಿದು ಹೋಗಿ ನೋಡುತ್ತಿದ್ದ. ಏಪ್ರಿಲ್ ಕೊನೆಗೆ ಪಟ್ಟಿ ನಡುವೆ ಪರ್ರನೆ ಹರಿದಿತ್ತು. ಕಾಕಾ ಒಡನೆ ಗೌಂಡಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ, ಮನೆಮಂದಿಗೆಲ್ಲ ಕೇಳಿಸುವಂತೆ, “ಹರೀತಲೋ ನಿನ್ನ ಕೋಣಿ!” ಅಂದ.

“ಏನು ಹರೀತ್ರಿ, ಗ್ವಾಡಿನೋ ಕಾಗದೋ?”

“ಕಾಗದ.”

“ಮತ್ತ ಚಲೋ ಆತಲ್ರಿ” ಅಂದು ಅವನು ಫೋನ್ ಇಟ್ಟ.

ಕಾಕಾ ಸೋಲುವವನಲ್ಲ. ಮಳೆ ಬಿದ್ದ ಮೇಲೆ ಸಂದಿ ಮತ್ತೆ ಕೂಡುತ್ತದೆಯೋ ನೋಡಬೇಕೆಂದು ಹೊಸ ಪಟ್ಟಿ ಅಂಟಿಸಿದ್ದಾನೆ. ಪೇಪರ್ ತೆಳುವಾಯಿತೆಂದು ಈ ಸಲ ದಪ್ಪನೆಯ ಕಾಗದ ಹುಡುಕಿ, ಗೋಡೆಯ ಕ್ಯಾಲೆಂಡರಿನಿಂದ ಒಂದು ಹಾಳೆ ಹರಿದು ಕತ್ತರಿಸಿದ. ಹಾಳೆ ಈ ತಿಂಗಳದ್ದೇ. ಅಮಾಸೆ ಯಾವತ್ತು ಬಂತು ನೋಡು ಎಂದು ಅವ್ವ ಕೇಳಿದಾಗಲೆಲ್ಲ ನಾನೀಗ ತೊಗರಿ ಚೀಲ ಹತ್ತಬೇಕು.